ಎಡಗಾಲಿನ ಚಪ್ಪಲಿ

ಪ್ರತಿ ಡಿಸೆಂಬರಿಗೆ ನನಗೆ ಈ ಕೆಲಸ:
ಸೋಲಾಪುರದ ಹಳೇ ಗಿರಣಿಯ ಚೌಕದಲ್ಲಿ ಏಣಿ ಇಟ್ಟು
ಪಾರಿವಾಳದ ಹಿಕ್ಕೆ ಕೆರೆದು
ಇಬ್ಬರ ಮೈ ತೊಳೆದು ಬಣ್ಣ ಬಳಿಯುವುದು.
ಟೆಂಡರಿನಲ್ಲಿ ಬರೆದಿರುತ್ತದೆ: ಜವಾನ, ಒಂದು. ಸ್ತ್ರೀ, ಒಂದು.
ಸೀರೆಯ ಬಣ್ಣ ಬರೆದಿರುವುದಿಲ್ಲ.
ಡಬ್ಬಿಯಲ್ಲಿ ಯಾವುದು ಉಳಿದಿದೆಯೋ ಅದು.

ಜವಾನ ಅವಳನ್ನು ಎತ್ತಿ ಹಿಡಿದಿದ್ದಾನೆ.
ಕಾಲುಗಳು ನೆಲ ಬಿಟ್ಟಿವೆ, ಸೆರಗು ಗಾಳಿಗೆ,
ಜಡೆಯ ತುಂಬ ಸಿಮೆಂಟಿನ ಮಲ್ಲಿಗೆ,
ಹಲ್ಲು ಕಾಣುವ ನಗು ಇಬ್ಬರಿಗೂ.
ಕೆಳಗೆ ಕರಿಕಲ್ಲಿನಲ್ಲಿ, ಮರಾಠಿಯಲ್ಲಿ, ವಿಜಯೋತ್ಸವ, ೧೯೭೧.
ಹೆಸರಿಲ್ಲ.
ಮದುವೆ ಗೊತ್ತಾದ ಜೋಡಿಗಳು ಬಂದು
ಇದೇ ಭಂಗಿಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ,
ಎರಡನೇ ಸಲ ಎತ್ತುವಾಗ ಹುಡುಗನಿಗೆ ಏದುಸಿರು.

ಹೋದ ವರ್ಷ, ಬೀಡಿಯ ಬುಟ್ಟಿ ಕಂಕುಳಲ್ಲಿಟ್ಟುಕೊಂಡು
ಏಣಿಯ ಬುಡದಲ್ಲಿ ನಿಂತಳು ಸುಗಲಾಬಾಯಿ.
‘ಎಡಗಾಲಾಗ ಚಪ್ಪಲಿ ಯಾಕ ಹಾಕೀಯೋ?’
ಹಾಕಿದ್ದು ನಾನಲ್ಲ ಆಯೀ, ಶಿಲ್ಪಿ, ಅಂದೆ.
‘ಅವಗೇನ ಗೊತ್ತು. ಅದು ಕಳದಿತ್ತು.’

ಇಳಿದು ಬಂದೆ.
ಬ್ರಷ್ಷಿನಿಂದ ಹಸಿರು ತೊಟ್ಟಿಕ್ಕಿ ನನ್ನ ಹೆಬ್ಬೆರಳ ಮೇಲೆ ಬಿತ್ತು.

‘ಹೊತ್ತಲ್ಲದ ಹೊತ್ತಿನಾಗ ಭೋಂಗಾ ಕೂಗ್ತು.
ಬೆಂಕಿ ಹತ್ತೇತಿ ಅಂತ ಸಾಂಚಾ ಬಿಟ್ಟು ಓಡಿದ್ವಿ.
ಹೊರಗ ನೋಡಿದ್ರ, ರೇಡಿಯೋ ಮುಂದ ಕುಂತು
ಜಾಬರ್ ರಾಚಪ್ಪ ಅಳಾಕತ್ತಾನ.
ಗೆದ್ದೀವಿ ಅಂತ ತಿಳಿಯಾಕ ನಮಗ ಅರ್ಧ ತಾಸು ಬೇಕಾತು.
ಆಮ್ಯಾಲ ಕೇಳಬ್ಯಾಡ.
ಅಮಾಸಿ ಹತ್ರ ಇತ್ತು, ಆದ್ರೂ ಓಣಿ ತುಂಬ ಬೆಳಕ.
ಕಿಡಕಿಗೆ ಅಂಟಿಸಿದ್ದ ಕರೇ ಕಾಗದ ಹರದ ಹರದ ಒಗದ್ವಿ.
ಕರೀದ ಬ್ಯಾಂಡಿನವರು ಬಂದ್ರು,
ಮದುವಿ ಹಾಡ ಬಾರಿಸಿದ್ರು, ಅವರಿಗೆ ಬರೂದ ಅದು.
ಹೂವು ಎಲ್ಲಿಂದ ತರೂಣು?
ಗಿರಣಿ ಅರಳಿ ತೂರಿದ್ವಿ, ಬೊಗಸಿ ಬೊಗಸಿ.
ಮಲ್ಲಿಗಿ ಅಲ್ಲೋ ತಮ್ಮಾ ಅದು, ಅರಳಿ.
ಪೇಪರಿನ ಫೋಟೋದಾಗ ಬೆಳ್ಳಗ ಕಂಡೈತಿ, ಅಷ್ಟ.’

ನಗ್ತಿದ್ಯಲ್ಲ ಆಯೀ, ಅಂದೆ.

‘ನಗ್ತಿದ್ದೆ, ಅವ ಎತ್ತೂದಕ್ಕ ಮೊದಲ.
ಯಾರು, ಯಾವ ಊರಂವ, ಏನೂ ಇಲ್ಲ,
ಬಂದಾಂವನ ಎತ್ತಿಬಿಟ್ಟ.
ಬೈಯಾಕ ಬಾಯಿ ತಗದಿದ್ದೆ.
ಅದನ್ನ ನಗಿ ಮಾಡಿ ನಿಲ್ಲಿಸ್ಯಾರ.’

ಬುಟ್ಟಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು.

‘ಅವನ ತೋಳು ನಡಗ್ತಿದ್ದವು.
ಮುಗೀತು, ಮುಗೀತು, ಅಂದ ಕಿವ್ಯಾಗ,
ಚಳಿಜ್ವರ ಬಂದವರು ಬಡಬಡಸಿದಂಗ.
ಬೈಗುಳ ಬಾಯಾಗ ಉಳೀತು.
ಇಳಿಸಿದ್ನೋ, ಮಂದಿ ಎಳಕೊಂಡ ಹೋದ್ರೋ.
ನಾ ಚಪ್ಪಲಿ ಹುಡಕಾಕ ಹತ್ತಿದೆ.
ನಾಕು ರೂಪಾಯಿದು, ಮೊದಲನೇ ಪಗಾರದ್ದು.
ಅಷ್ಟು ಕಾಲಾಗ ಒಂದು ಕಾಲಿಂದು ಎಲ್ಲಿ ಸಿಗತೈತಿ?’

ಮನೆಯವರಿಗೆ ಹೇಳಿಲ್ವಾ?

‘ನಮ್ಮಾಂವ ಇದರ ನೆರಳಾಗ ಕುಂತು
ಇಪ್ಪತ್ತು ವರ್ಷ ಚಾ ಕುಡದ.
ಗುರ್ತು ಹಿಡೀಲಿಲ್ಲ.’

ಸೀರೆಯ ಬಣ್ಣ ಕೇಳಿದೆ.
‘ನೆನಪಿಲ್ಲ. ಚಪ್ಪಲಿ ಕೆಂಪು.’

ಈ ಸಲ ಮೈಬಣ್ಣ ಸ್ವಲ್ಪ ಹೆಚ್ಚೇ ಕಲಸಿದೆ.
ಬಲಗಾಲಿಗೆ ಕೆಂಪು ಚಪ್ಪಲಿ.
ಎಡಗಾಲಿನ ಪಟ್ಟಿಯ ಮೇಲೆ ಚರ್ಮ ಬಳಿದೆ, ಎರಡು ಕೈ.
ಸಿಮೆಂಟು ಉಬ್ಬಿಯೇ ಇದೆ,
ಹಳೆಯ ಗಾಯ ಮಾದ ಹಾಗೆ.
ಮಲ್ಲಿಗೆಗೆ ಏನೂ ಮಾಡಲಾಗಲಿಲ್ಲ.
ಅರಳಿಯೂ ಬಿಳಿ, ಮಲ್ಲಿಗೆಯೂ ಬಿಳಿ, ಒಂದೇ ಡಬ್ಬಿ.
ಬಾಯಿಯ ಹತ್ತಿರ ಬಂದಾಗ ಬ್ರಷ್ಷು ನಿಂತಿತು.
ತುಟಿಗೆ ಬಣ್ಣ ಹಚ್ಚಿದೆ, ನಗು ಮಾಡಲು ಹೋಗಲಿಲ್ಲ.

ಮಹಾನಗರಪಾಲಿಕೆಯ ಇಂಜಿನಿಯರ್ ಬಂದು
ಸೀರೆ ನೋಡಿದ, ಬಂದೂಕು ನೋಡಿದ,
ಬಿಲ್ಲಿಗೆ ಸಹಿ ಹಾಕಿದ.

ಅವಳು ಸಂಜೆ ಬಂದಳು.
ಕತ್ತೆತ್ತಿ ತುಂಬಾ ಹೊತ್ತು ನೋಡಿದಳು, ಮಾತಿಲ್ಲ.
ತನ್ನ ಎಡಗಾಲನ್ನು ರಬ್ಬರ್ ಚಪ್ಪಲಿಯಿಂದ ಹೊರಗೆಳೆದು
ನೆಲಕ್ಕೆ ಒಮ್ಮೆ ತಾಗಿಸಿ
ಮತ್ತೆ ತೂರಿಸಿಕೊಂಡಳು.
‘ಹೊಂಟೆ. ಇವತ್ತ ಬೀಡಿ ಎಣಿಸಾಂವ ಹೊಸಬ,
ತಡಾ ಆದ್ರ ಕಟ್ಟು ತಗೊಳ್ಳೂದಿಲ್ಲ.’